ಈಜುಕೊಳದ ನೀರು ಮಬ್ಬಾದರೆ ಡಬ್ಬಿಗಳಿಗೆ ಕೈ ಹಾಕುವ ಮುಂಚೆ

ನಿನ್ನೆ ಸಂಜೆ ತಿಳಿಯಾಗಿದ್ದ ನೀರು. ಇವತ್ತು ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದರೆ ಕೊಳದ ತಳ ಕಾಣುತ್ತಿಲ್ಲ. ಹಾಲಿನ ಹನಿ ಬೆರೆಸಿದ ಹಾಗೆ ಬೆಳ್ಳಗಾಗಿದೆ, ಇಲ್ಲವೇ ತೆಳು ಹಸಿರು ಮಂಜು ಕವಿದ ಹಾಗಿದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ಮನೆಯಲ್ಲಿರುವ ಡಬ್ಬಿಗಳನ್ನೆಲ್ಲಾ ಒಂದೊಂದಾಗಿ ತಂದು ಸುರಿಯುವುದು. ಸ್ವಲ್ಪ ಕ್ಲೋರಿನ್, ಸ್ವಲ್ಪ ಪಾಚಿ ಔಷಧಿ, ಅದರ ಮೇಲೆ ನೀರು ತಿಳಿ ಮಾಡುವ ದ್ರಾವಣ. ಎರಡು ದಿನ ಬಿಟ್ಟು ನೋಡಿದರೂ ನೀರು ಹಾಗೇ ಇರುತ್ತದೆ, ಕೆಲವು ಸಲ ಇನ್ನೂ ಕೆಟ್ಟಿರುತ್ತದೆ. ನಾನೂ ಇದನ್ನೇ ಮಾಡಿದ್ದೇನೆ. ಒಂದು ಸಲ ಪಿಎಚ್ (ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) ಕಡಿಮೆ ಇದೆ ಅಂತ ಅದನ್ನು ಏರಿಸುವ ಸೋಡಾ ಆ್ಯಶ್ ಅನ್ನು ಒಂದೇ ಏಟಿಗೆ ಸುರಿದೆ. ನೋಡನೋಡುತ್ತಿದ್ದ ಹಾಗೆ ಇಡೀ ಕೊಳ ಸುಣ್ಣದ ನೀರಾಯಿತು. ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳಬೇಕು ಅಂತ ಅನ್ನಿಸಿದ್ದು ಅವತ್ತು.

ತಿಳಿದುಕೊಂಡ ಮೇಲೆ ಗೊತ್ತಾಗಿದ್ದು ಇಷ್ಟು: ಮಬ್ಬು ಅನ್ನುವುದು ಒಂದು ಕಾಯಿಲೆ ಅಲ್ಲ, ಜ್ವರದ ಹಾಗೆ ಒಂದು ಲಕ್ಷಣ. ಅದಕ್ಕೆ ಐದಾರು ಕಾರಣ ಇರಬಹುದು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ, ಕೆಲವು ಸಲ ಉಲ್ಟಾ ಹೊಡೆಯುತ್ತದೆ. ಆದರೆ ಎಲ್ಲಾ ಕಾರಣಗಳೂ ಕೊನೆಗೆ ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ನೀರಿನಲ್ಲಿರುವ ಕಣಗಳು ಎಲ್ಲಿಂದ ಬರುತ್ತಿವೆ? ಬಂದ ಕಣಗಳು ಯಾಕೆ ಹೊರಗೆ ಹೋಗುತ್ತಿಲ್ಲ? ಮೊದಲನೆಯದು ರಸಾಯನದ ಪ್ರಶ್ನೆ, ಎರಡನೆಯದು ಫಿಲ್ಟರಿನ ಪ್ರಶ್ನೆ. ಎರಡಕ್ಕೂ ಉತ್ತರ ಸಿಗುವವರೆಗೆ ಏನನ್ನೂ ಸುರಿಯಬೇಡಿ.

ಮಬ್ಬು ಅಂದರೆ ಕಣಗಳು

ನೀರಿನಲ್ಲಿ ಪೂರ್ತಿ ಕರಗಿದ ವಸ್ತು ನೀರನ್ನು ಮಬ್ಬು ಮಾಡುವುದಿಲ್ಲ. ಉಪ್ಪು ಕರಗಿದ ನೀರು ತಿಳಿಯಾಗಿಯೇ ಇರುತ್ತದೆ, ಅಲ್ವಾ? ಮಬ್ಬಾಗುವುದು ಕರಗದೆ ತೇಲುತ್ತಿರುವ ಕಣಗಳಿಂದ. ಬೆಳಕು ತಳ ಮುಟ್ಟಿ ನಮ್ಮ ಕಣ್ಣಿಗೆ ವಾಪಸ್ ಬರುವ ಬದಲು ದಾರಿಯಲ್ಲೇ ಈ ಕಣಗಳಿಗೆ ಬಡಿದು ದಿಕ್ಕಾಪಾಲಾಗಿ ಚದುರಿಬಿಡುತ್ತದೆ.

ಈ ಕಣಗಳ ಗಾತ್ರ ಗೊತ್ತಾದರೆ ಅರ್ಧ ವಿಷಯ ಗೊತ್ತಾದ ಹಾಗೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮಬ್ಬಿಗೆ ಕಾರಣವಾಗುವ ಕಣಗಳಲ್ಲಿ ಹೆಚ್ಚಿನವು 10 ಮೈಕ್ರಾನ್‌ಗಿಂತ ಸಣ್ಣವು, ಎಷ್ಟೋ ಕಣಗಳು 1 ಮೈಕ್ರಾನ್ ಕೂಡ ಇರುವುದಿಲ್ಲ. ಇನ್ನು ಫಿಲ್ಟರುಗಳನ್ನು ನೋಡಿ. ಸಾಮಾನ್ಯ ಮರಳು ಫಿಲ್ಟರ್ ಚೆನ್ನಾಗಿ ಹಿಡಿಯುವುದು 20ರಿಂದ 40 ಮೈಕ್ರಾನ್‌ವರೆಗಿನ ಕಣಗಳನ್ನು. ಕಾರ್ಟ್ರಿಜ್ ಫಿಲ್ಟರ್ 10ರಿಂದ 20. ಡಯಾಟಮ್ ಪುಡಿ ಬಳಸುವ ಡಿಇ ಫಿಲ್ಟರ್ 3ರಿಂದ 5. ಅಂದರೆ ನಿಮ್ಮ ಮರಳು ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಮಬ್ಬಿನ ಕಣಗಳಲ್ಲಿ ಬಹುಪಾಲು ಮೊದಲ ಸುತ್ತಿನಲ್ಲಿ ಅದರ ಸಂದಿಯಲ್ಲಿ ನುಸುಳಿಕೊಂಡು ಕೊಳಕ್ಕೇ ವಾಪಸ್ ಬರುತ್ತವೆ.

ಹಾಗಾದರೆ ಪಂಪು ನಿಲ್ಲಿಸಿ ಸುಮ್ನೆ ಬಿಟ್ಟರೆ ತಳಕ್ಕೆ ಇಳಿಯುವುದಿಲ್ಲವಾ? ದೊಡ್ಡವು ಇಳಿಯುತ್ತವೆ. ಅಲುಗಾಡದ ನೀರಿನಲ್ಲಿ 10 ಮೈಕ್ರಾನ್‌ನ ಒಂದು ಮಣ್ಣಿನ ಕಣ ಒಂದೂವರೆ ಮೀಟರ್ ಇಳಿಯಲು ಐದು ಗಂಟೆ ಸಾಕು. ಆದರೆ 1 ಮೈಕ್ರಾನ್ ಕಣಕ್ಕೆ ಅಷ್ಟೇ ಆಳ ಇಳಿಯಲು ಎರಡು ವಾರಕ್ಕೂ ಜಾಸ್ತಿ ಬೇಕು, ಯಾಕೆಂದರೆ ಗಾತ್ರ ಹತ್ತು ಪಟ್ಟು ಸಣ್ಣದಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. ಹಿತ್ತಲಿನ ಕೊಳದಲ್ಲಿ ನೀರು ಅಷ್ಟು ದಿನ ಅಲುಗಾಡದೆ ಇರುವುದೂ ಇಲ್ಲ, ಗಾಳಿ ಮತ್ತು ಬಿಸಿಲು ಸಾಕು ಅದನ್ನು ಕದಡಲು. ಸಾಲದ್ದಕ್ಕೆ ಈ ಕಣಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಾವೇಶ ಇರುತ್ತದೆ. ಒಂದನ್ನೊಂದು ದೂರ ತಳ್ಳುತ್ತವೆ, ಒಟ್ಟು ಸೇರಿ ದಪ್ಪ ಆಗುವುದಿಲ್ಲ.

ಒಂದು ಲೋಟ ನೀರಿನಲ್ಲಿ ಅರ್ಧ ಉತ್ತರ

ಪರೀಕ್ಷೆಯ ಕಿಟ್ ತೆಗೆಯುವ ಮೊದಲು ಒಂದು ಗಾಜಿನ ಲೋಟದಲ್ಲಿ ಕೊಳದ ನೀರು ತುಂಬಿ ಬೆಳಕಿಗೆ ಹಿಡಿದು ನೋಡಿ. ಮೊಣಕೈವರೆಗೆ ಕೈ ಮುಳುಗಿಸಿ ಆಳದಿಂದ ತೆಗೆಯಿರಿ, ಮೇಲ್ಮೈ ನೀರು ಬೇಡ.

ಒಂದೆರಡು ನಿಮಿಷದಲ್ಲಿ ಮಬ್ಬು ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಕೊಳೆಯೇ ಅಲ್ಲ, ಗಾಳಿಯ ಸಣ್ಣ ಗುಳ್ಳೆಗಳು. ಪಂಪಿಗೆ ನೀರು ಬರುವ ಪೈಪಿನಲ್ಲೋ ಬುಟ್ಟಿಯ ಮುಚ್ಚಳದ ರಬ್ಬರ್ ಉಂಗುರದಲ್ಲೋ ಸಣ್ಣ ಬಿರುಕು ಇದ್ದು ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಇದಕ್ಕೆ ಯಾವ ರಸಾಯನ ಹಾಕಿದರೂ ವ್ಯರ್ಥ.

ಗುಳ್ಳೆ ಅಲ್ಲದಿದ್ದರೆ ಅದೇ ಲೋಟಕ್ಕೆ ಒಂದು ಚಮಚ ವಿನೆಗರ್ ಹಾಕಿ ಕಲಕಿ. ಕೊಳಕ್ಕಲ್ಲ, ಲೋಟಕ್ಕೆ. ಸ್ವಲ್ಪ ಹೊತ್ತಿನಲ್ಲಿ ನೀರು ತಿಳಿಯಾದರೆ ನಿಮ್ಮ ಮಬ್ಬು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಅದನ್ನು ಕರಗಿಸುತ್ತದೆ. ನಾನು ಸೋಡಾ ಆ್ಯಶ್ ಸುರಿದಾಗ ಆಗಿದ್ದು ಇದೇ. ನೀರಿನ ಗಡಸುತನ ಜಾಸ್ತಿ ಇದ್ದು ಪಿಎಚ್ ಏಕಾಏಕಿ ಏರಿದರೆ ಅಲ್ಲಿಯವರೆಗೆ ಕರಗಿದ್ದ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಹೊರಬರುತ್ತದೆ.

ವಿನೆಗರಿಗೂ ಬಗ್ಗದಿದ್ದರೆ ಉಳಿದಿರುವುದು ಪಾಚಿ, ಸತ್ತ ಪಾಚಿ, ಮಣ್ಣು, ಇಲ್ಲವೇ ಮೈಯಿಂದ ಬಂದ ಎಣ್ಣೆ, ಬೆವರು, ಸನ್‌ಸ್ಕ್ರೀನ್. ಬಣ್ಣ ಸ್ವಲ್ಪ ಸುಳಿವು ಕೊಡುತ್ತದೆ. ಬಿಳಿ ಬಕೆಟ್ಟಿನಲ್ಲಿ ನೀರು ತುಂಬಿ ನೋಡಿದರೆ ತೆಳು ಹಸಿರು ಎದ್ದು ಕಾಣುತ್ತದೆ. ಹಸಿರು ಇದ್ದರೂ ನೀರು ತಿಳಿಯಾಗಿಯೇ ಇದ್ದರೆ ಅದು ಪಾಚಿ ಅಲ್ಲದೆ ತಾಮ್ರ ಅಥವಾ ಕಬ್ಬಿಣ ಇರಬಹುದು. ಬಾವಿ ನೀರು ತುಂಬಿಸಿ ಕ್ಲೋರಿನ್ ಹಾಕಿದ ಕೂಡಲೇ ಕಂದು ಬಣ್ಣ ಬಂದರಂತೂ ಕಬ್ಬಿಣದ ಮೇಲೇ ಮೊದಲ ಅನುಮಾನ.

ಕ್ಲೋರಿನ್ ಇದೆ, ಆದರೂ ಇಲ್ಲ

ಮಬ್ಬಾದ ಕೊಳಗಳಲ್ಲಿ ಅತಿ ಸಾಮಾನ್ಯ ಕಾರಣ ಕ್ಲೋರಿನ್ ಸೋತಿರುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿ ಇರುತ್ತದೆ. ಕೆಲಸಕ್ಕೆ ಸಿದ್ಧವಾಗಿರುವುದು ಫ್ರೀ ಕ್ಲೋರಿನ್. ಬೆವರು, ಮೂತ್ರ ಇವುಗಳಲ್ಲಿರುವ ಸಾರಜನಕದ ಜೊತೆ ಸೇರಿ ಶಕ್ತಿ ಕಳೆದುಕೊಂಡಿರುವುದು ಕ್ಲೋರಮೀನ್. ಎರಡೂ ಸೇರಿದ್ದು ಟೋಟಲ್ ಕ್ಲೋರಿನ್. ಟೋಟಲ್‌ನಿಂದ ಫ್ರೀ ಕಳೆದರೆ ಕ್ಲೋರಮೀನ್ ಎಷ್ಟಿದೆ ಅಂತ ಸಿಗುತ್ತದೆ. ಅದು 0.5 ಪಿಪಿಎಂ, ಅಂದರೆ ಸಾವಿರ ಲೀಟರಿಗೆ ಅರ್ಧ ಗ್ರಾಂ, ದಾಟಿದರೆ ಕೊಳದಲ್ಲಿ ಕೊಳೆ ಗೆಲ್ಲುತ್ತಿದೆ ಅಂತ ಅರ್ಥ. ಈಜುಕೊಳದ ಹತ್ತಿರ ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದು ಬರುವುದು ಮುಖ್ಯವಾಗಿ ಕ್ಲೋರಮೀನ್‌ನಿಂದ. ಘಾಟು ಜಾಸ್ತಿ ಇದೆ, ಕ್ಲೋರಿನ್ ಜಾಸ್ತಿ ಆಗಿದೆ ಅಂತ ಕ್ಲೋರಿನ್ ಹಾಕುವುದನ್ನು ನಿಲ್ಲಿಸುವವರನ್ನು ನೋಡಿದ್ದೇನೆ. ಅದು ಪೂರ್ತಿ ತಲೆಕೆಳಗಾದ ಲೆಕ್ಕ. ಹೆಚ್ಚಿನ ಸಲ ಅಲ್ಲಿ ಬೇಕಾಗಿರುವುದು ಇನ್ನೂ ಕ್ಲೋರಿನ್.

ಎರಡನೆಯ ವಿಷಯ ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಸಿಡ್. ಇದು ಇಲ್ಲದ ತೆರೆದ ಕೊಳದಲ್ಲಿ ಕಡು ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ಹಾರಿಹೋಗುತ್ತದೆ. ಸ್ಟೆಬಿಲೈಸರ್ ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಬಿಸಿಲಿನಿಂದ ಕಾಪಾಡುತ್ತದೆ. ಆದರೆ ಹಿಡಿದಿಟ್ಟುಕೊಂಡಷ್ಟೂ ಕ್ಲೋರಿನ್‌ನ ಕೈ ಕಟ್ಟಿದ ಹಾಗೆ ಆಗುತ್ತದೆ. ಅದಕ್ಕೇ ಅದು 30ರಿಂದ 50 ಪಿಪಿಎಂ ಒಳಗೆ ಇದ್ದರೆ ಒಳ್ಳೆಯದು. ಸ್ಟೆಬಿಲೈಸರ್ 40 ಇರುವ ಕೊಳದಲ್ಲಿ ಫ್ರೀ ಕ್ಲೋರಿನ್ 3 ಪಿಪಿಎಂ ಇದ್ದರೆ ಪಾಚಿ ಬೆಳೆಯದಂತೆ ತಡೆಯಬಹುದು. ಅದೇ 3 ಪಿಪಿಎಂ, ಸ್ಟೆಬಿಲೈಸರ್ 100 ಇರುವ ಕೊಳದಲ್ಲಿ ಸಾಲುವುದಿಲ್ಲ. ಕಿಟ್ ಕ್ಲೋರಿನ್ ಇದೆ ಅನ್ನುತ್ತದೆ, ನೀರು ಮಾತ್ರ ದಿನದಿಂದ ದಿನಕ್ಕೆ ಮಬ್ಬಾಗುತ್ತಾ ಹೋಗುತ್ತದೆ.

ಸ್ಟೆಬಿಲೈಸರ್ ಅಷ್ಟು ಏರುವುದು ಹೇಗೆ? ತೇಲುವ ಡಬ್ಬಿಯಲ್ಲಿ ಹಾಕಿಡುವ ಬಿಳಿ ಬಿಲ್ಲೆಗಳಿಂದ. ಅವುಗಳಲ್ಲಿ ಹೆಚ್ಚಿನವು ಟ್ರೈಕ್ಲೋರ್. ಅದು ನೀರಿಗೆ 10 ಪಿಪಿಎಂ ಕ್ಲೋರಿನ್ ಕೊಟ್ಟರೆ ಜೊತೆಗೆ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಸಿಡ್ಡನ್ನೂ ಬಿಟ್ಟು ಹೋಗುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಖರ್ಚಾಗುವ ಕೊಳದಲ್ಲಿ ಬರೀ ಬಿಲ್ಲೆ ಬಳಸಿದರೆ ಒಂದು ತಿಂಗಳಿಗೆ 36 ಪಿಪಿಎಂ ಸೇರಿತು. ಕ್ಲೋರಿನ್ ಖರ್ಚಾಗುತ್ತದೆ, ಸ್ಟೆಬಿಲೈಸರ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬಿಸಿಲಿಗೆ ಹೋಗುವುದಿಲ್ಲ, ಆವಿಯಾಗುವುದಿಲ್ಲ. ಅದನ್ನು ಇಳಿಸಲು ನಂಬಬಹುದಾದ ದಾರಿ ಒಂದೇ, ಹಳೆ ನೀರು ತೆಗೆದು ಹೊಸ ನೀರು ಹಾಕುವುದು. 100ರಿಂದ 40ಕ್ಕೆ ತರಲು ಹಳೆ ನೀರಿನಲ್ಲಿ 60 ಶೇಕಡಾ ಹೊರಗೆ ಹೋಗಬೇಕು. ಹಾಗಂತ ಒಂದೇ ಸಲ ಕೊಳ ಖಾಲಿ ಮಾಡಬೇಡಿ. ಕೆಳಗೆ ಅಂತರ್ಜಲ ಮೇಲಿದ್ದರೆ ಖಾಲಿ ಕೊಳವನ್ನು ಅದು ಮೇಲಕ್ಕೆ ಎತ್ತಿ ಬಿರುಕು ಬಿಡಿಸಬಹುದು, ಪ್ಲಾಸ್ಟಿಕ್ ಹಾಸು ಇದ್ದರೆ ಅದು ಕುಗ್ಗಿ ಹಾಳಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಕಂತಿನಲ್ಲಿ ಮಾಡಿ.

ಮೂರನೆಯದು ಪಿಎಚ್. ಫ್ರೀ ಕ್ಲೋರಿನ್ ಕೂಡ ನೀರಿನಲ್ಲಿ ಎರಡು ವೇಷದಲ್ಲಿ ಓಡಾಡುತ್ತದೆ, ಚುರುಕಾದ ಹೈಪೋಕ್ಲೋರಸ್ ಆಸಿಡ್ ಮತ್ತು ಮಂದವಾದ ಹೈಪೋಕ್ಲೋರೈಟ್. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಎರಡೂ ಸರಿಸುಮಾರು ಅರ್ಧರ್ಧ. 8ಕ್ಕೆ ಏರಿದರೆ ಚುರುಕಾದದ್ದು ಕಾಲು ಭಾಗಕ್ಕಿಂತ ಕಡಿಮೆ. ಸ್ಟೆಬಿಲೈಸರ್ ಇರುವ ಕೊಳದಲ್ಲಿ ಇಷ್ಟು ವ್ಯತ್ಯಾಸ ಬರುವುದಿಲ್ಲ. ಆದರೂ ಪಿಎಚ್ 7.2ರಿಂದ 7.8ರ ಒಳಗಿರಲಿ, ಬೇರೆ ಏನಕ್ಕೂ ಅಲ್ಲದಿದ್ದರೂ ಕಣ್ಣು ಉರಿಯದಿರಲು ಮತ್ತು ಸುಣ್ಣ ಹೊರಬರದಿರಲು.

ಕಿಟ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಗುಲಾಬಿ ಬಣ್ಣ ಬರುವ ಡಿಪಿಡಿ ಪರೀಕ್ಷೆಯಲ್ಲಿ ಕ್ಲೋರಿನ್ ತುಂಬಾ ಜಾಸ್ತಿ ಇದ್ದರೆ ಬಣ್ಣವೇ ಸುಟ್ಟುಹೋಗಿ ನೀರು ಬಣ್ಣವಿಲ್ಲದೆ ಕಾಣುತ್ತದೆ. ಸೊನ್ನೆ ಅಂತ ತಿಳಿದು ಮತ್ತೆ ಸುರಿಯುತ್ತೀರಿ. ಹನಿ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಇದೇ ಆಗಿದೆ ಅಂತ ತಿಳಿಯಿರಿ. ಡಿಸ್ಟಿಲ್ಡ್ ನೀರನ್ನು ಸಮಸಮ ಬೆರೆಸಿ ಮತ್ತೆ ಪರೀಕ್ಷಿಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಹಳದಿ ಬಣ್ಣ ಬರುವ ಅಗ್ಗದ ಪರೀಕ್ಷೆ ಟೋಟಲ್ ಮಾತ್ರ ತೋರಿಸುತ್ತದೆ, ಮಬ್ಬಿನ ತನಿಖೆಗೆ ಅದು ಸಾಲದು. ಫ್ರೀ ಕ್ಲೋರಿನ್ 10 ಪಿಪಿಎಂ ದಾಟಿದಾಗ ಪಿಎಚ್ ಪರೀಕ್ಷೆಯ ಬಣ್ಣವನ್ನೂ ನಂಬಬೇಡಿ.

ಲೆಕ್ಕ ಹಾಕಿ, ಆಮೇಲೆ ಸುರಿಯಿರಿ

ಕೊಳದಲ್ಲಿ ಎಷ್ಟು ನೀರಿದೆ ಅಂತ ಗೊತ್ತಿಲ್ಲದೆ ಯಾವ ಪ್ರಮಾಣಕ್ಕೂ ಅರ್ಥವಿಲ್ಲ. ಉದ್ದ, ಅಗಲ, ಸರಾಸರಿ ಆಳ, ಮೂರನ್ನೂ ಮೀಟರಿನಲ್ಲಿ ಗುಣಿಸಿ ಸಾವಿರದಿಂದ ಗುಣಿಸಿದರೆ ಲೀಟರ್. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರು. ಲೆಕ್ಕಕ್ಕೆ ಸುಲಭ ಆಗಲಿ ಅಂತ 50,000 ಅನ್ನೋಣ. 1 ಪಿಪಿಎಂ ಅಂದರೆ ಸಾವಿರ ಲೀಟರಿಗೆ 1 ಗ್ರಾಂ, ಹಾಗಾಗಿ ಇಲ್ಲಿ 50 ಗ್ರಾಂ ಕ್ಲೋರಿನ್. 10 ಶೇಕಡಾ ದ್ರವ ಕ್ಲೋರಿನ್ ಆದರೆ ಅರ್ಧ ಲೀಟರ್. 65 ಶೇಕಡಾ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಆದರೆ ಸುಮಾರು 77 ಗ್ರಾಂ.

ಪಾಚಿ ಅಥವಾ ಕ್ಲೋರಮೀನ್‌ನಿಂದ ಮಬ್ಬಾಗಿದ್ದರೆ ಶಾಕ್ ಕೊಡಬೇಕು, ಅಂದರೆ ಕ್ಲೋರಿನ್ ಮಟ್ಟವನ್ನು ಮಾಮೂಲಿಗಿಂತ ತುಂಬಾ ಮೇಲಕ್ಕೆ ಏರಿಸಬೇಕು. ಮೊದಲು ಪಿಎಚ್ ಅನ್ನು 7.2ರ ಆಸುಪಾಸಿಗೆ ತನ್ನಿ, ಯಾಕೆಂದರೆ ಆಮೇಲೆ ಅಳೆಯಲು ಆಗುವುದಿಲ್ಲ. ಆಮೇಲೆ ಫ್ರೀ ಕ್ಲೋರಿನ್ ಅನ್ನು ಸ್ಟೆಬಿಲೈಸರಿನ 40 ಶೇಕಡಾದಷ್ಟಕ್ಕೆ ಏರಿಸಿ. ಸ್ಟೆಬಿಲೈಸರ್ 40 ಇದ್ದರೆ ಗುರಿ 16 ಪಿಪಿಎಂ. ನಮ್ಮ 50,000 ಲೀಟರ್ ಕೊಳದಲ್ಲಿ ಈಗ 2 ಇದ್ದರೆ ಇನ್ನೂ 14 ಬೇಕು, ಅಂದರೆ 7 ಲೀಟರ್ ದ್ರವ ಕ್ಲೋರಿನ್. ಸ್ಟೆಬಿಲೈಸರ್ 100 ಇದ್ದರೆ ಗುರಿ 40 ಪಿಪಿಎಂ. ಆಗ ನೀರು ಬದಲಾಯಿಸುವುದೇ ಮೇಲು ಅಂತ ಯಾಕೆ ಹೇಳಿದೆ ಅಂತ ಈಗ ಗೊತ್ತಾಗಿರಬೇಕು.

ಶಾಕ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ ಅಂತ ನನಗೆ ಅನ್ನಿಸುತ್ತದೆ. ಒಂದು ರಾತ್ರಿ ಒಂದು ಡೋಸ್ ಸುರಿದು ಮಲಗಿದರೆ ಕೆಲಸ ಮುಗಿಯಿತು ಅನ್ನುವ ಭಾವನೆ ಅದರಿಂದ ಬರುತ್ತದೆ. ನಿಜದಲ್ಲಿ ಪಾಚಿಯನ್ನು ಕೊಲ್ಲುತ್ತಾ ಕ್ಲೋರಿನ್ ಖಾಲಿಯಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ 16 ಇದ್ದದ್ದು 5ಕ್ಕೆ ಇಳಿದಿರುತ್ತದೆ, ಉಳಿದ ಪಾಚಿ ಆರಾಮಾಗಿ ಮತ್ತೆ ಬೆಳೆಯಲು ಶುರು ಮಾಡುತ್ತದೆ. ಆ ಮಟ್ಟವನ್ನು ಬಿಡದೆ ಹಿಡಿದಿಟ್ಟುಕೊಳ್ಳುವುದೇ ಮುಖ್ಯ. ಮೊದಲ ದಿನ ಕೆಲವು ಗಂಟೆಗೊಮ್ಮೆ ಅಳೆದು, ಎಷ್ಟು ಇಳಿದಿದೆಯೋ ಅಷ್ಟನ್ನು ಮತ್ತೆ ಸೇರಿಸಿ. ಗೋಡೆ, ಮೆಟ್ಟಿಲು, ಏಣಿಯ ಹಿಂದೆ, ದೀಪದ ಸುತ್ತ, ಎಲ್ಲಾ ಕಡೆ ಬ್ರಶ್ ಹಾಕಿ ತಿಕ್ಕಿ. ಪಾಚಿಯ ಮೇಲ್ಪದರ ಒಳಗಿನ ಪಾಚಿಯನ್ನು ಕಾಪಾಡುತ್ತದೆ, ಅದನ್ನು ಒಡೆಯದಿದ್ದರೆ ಕ್ಲೋರಿನ್ ಒಳಗೆ ಹೋಗುವುದಿಲ್ಲ.

ಇಲ್ಲಿ ಒಂದು ಹಂತದಲ್ಲಿ ಹೆಚ್ಚಿನವರು ಕಂಗಾಲಾಗುತ್ತಾರೆ. ಹಸಿರು ಹೋಗಿ ನೀರು ಬೂದು ಬಿಳಿ ಆಗುತ್ತದೆ, ಮಬ್ಬು ಮೊದಲಿಗಿಂತ ಜಾಸ್ತಿ ಆಯಿತೇನೋ ಅನ್ನಿಸುತ್ತದೆ. ಅದು ಸತ್ತ ಪಾಚಿ. ಕೆಲಸ ಸರಿಯಾಗಿ ನಡೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಕ್ಲೋರಿನ್ ಕೊಲ್ಲುತ್ತದೆ, ಹೊರಗೆ ಸಾಗಿಸುವುದು ಫಿಲ್ಟರಿನ ಕೆಲಸ, ಅದಕ್ಕೆ ದಿನಗಳು ಬೇಕು.

ಸುಣ್ಣದ ಮಬ್ಬಾದರೆ ದಾರಿ ಬೇರೆ. ಅಲ್ಲಿ ಕ್ಲೋರಿನ್ ಪುಡಿ ಹಾಕಿದರೆ, ಅದರಲ್ಲೂ ಕ್ಯಾಲ್ಸಿಯಂ ಇರುವ ಪುಡಿ, ಮಬ್ಬು ಇನ್ನೂ ಹೆಚ್ಚುತ್ತದೆ. ಪಿಎಚ್ ಅನ್ನು ಆಸಿಡ್ಡಿನಿಂದ ಸ್ವಲ್ಪ ಸ್ವಲ್ಪವಾಗಿ 7.2ರ ಹತ್ತಿರ ತಂದು ಪಂಪು ಓಡಿಸಿದರೆ ಒಂದೆರಡು ದಿನದಲ್ಲಿ ಸುಣ್ಣದ ಒಂದು ಭಾಗ ಕರಗುತ್ತದೆ, ಉಳಿದದ್ದು ಫಿಲ್ಟರಿಗೆ ಹೋಗುತ್ತದೆ. ಮತ್ತೆ ಮತ್ತೆ ಆಗುತ್ತಿದ್ದರೆ ಕ್ಷಾರತೆ (ಪಿಎಚ್ ಏಕಾಏಕಿ ಬದಲಾಗದಂತೆ ತಡೆಯುವ ಗುಣ) ಮತ್ತು ಗಡಸುತನ ಅಳೆಯಿಸಿ. ಕ್ಷಾರತೆ 60ರಿಂದ 120, ಗಡಸುತನ 200ರಿಂದ 400 ಪಿಪಿಎಂ ಒಳಗಿದ್ದರೆ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ.

ಯಾವ ಮಬ್ಬೇ ಇರಲಿ, ಒಂದು ಮಾತನ್ನು ಮರೆಯಬೇಡಿ. ಆಸಿಡ್ ಮತ್ತು ಕ್ಲೋರಿನ್ ಯಾವತ್ತೂ ಒಂದೇ ಬಕೆಟ್ಟಿಗೆ ಬೀಳಬಾರದು, ವಿಷಗಾಳಿ ಏಳುತ್ತದೆ. ಟ್ರೈಕ್ಲೋರ್ ಬಿಲ್ಲೆ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯನ್ನು ಒಟ್ಟಿಗೆ ಬೆರೆಸಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಅಳೆಯುವ ಚಮಚ ಕೂಡ ಬೇರೆ ಬೇರೆ ಇರಲಿ. ನೀರಿಗೆ ರಸಾಯನ ಹಾಕಬೇಕು, ರಸಾಯನಕ್ಕೆ ನೀರು ಹಾಕಬಾರದು.

ಫಿಲ್ಟರ್: ತಾಳ್ಮೆ ಬೇಕಾದ ಅರ್ಧ

ಪಂಪಿನ ಸಾಮರ್ಥ್ಯ ಗಂಟೆಗೆ 8,000 ಲೀಟರ್ ಇದ್ದರೆ 48,000 ಲೀಟರ್ ಕೊಳದ ನೀರೆಲ್ಲಾ ಆರು ಗಂಟೆಯಲ್ಲಿ ಒಂದು ಸುತ್ತು ಬರುತ್ತದೆ ಅಂತ ಲೆಕ್ಕ. ಆದರೆ ಆರು ಗಂಟೆಗೆ ಎಲ್ಲಾ ನೀರೂ ಫಿಲ್ಟರಿನಿಂದ ಹಾದುಹೋಗಿರುವುದಿಲ್ಲ. ಶುದ್ಧವಾದ ನೀರು ಕೊಳದ ಉಳಿದ ನೀರಿಗೇ ಬೆರೆಯುತ್ತದೆ, ಅದೇ ನೀರು ಮತ್ತೆ ಪಂಪಿಗೆ ಬರುತ್ತದೆ. ಚೆನ್ನಾಗಿ ಬೆರೆಯುವ ಕೊಳದಲ್ಲಿ ಒಂದು ಸುತ್ತಿಗೆ ಸುಮಾರು 63 ಶೇಕಡಾ ನೀರು ಮಾತ್ರ ಒಮ್ಮೆಯಾದರೂ ಫಿಲ್ಟರ್ ನೋಡಿರುತ್ತದೆ. ಎರಡು ಸುತ್ತಿಗೆ 86, ಮೂರಕ್ಕೆ 95, ನಾಲ್ಕಕ್ಕೆ 98. ಇದು ಕೂಡ ಫಿಲ್ಟರ್ ಎಲ್ಲಾ ಕಣಗಳನ್ನೂ ಹಿಡಿದರೆ ಮಾತು, ಹಿಡಿಯುವುದಿಲ್ಲ ಅಂತ ಮೇಲೆಯೇ ನೋಡಿದೆವು. ಹಾಗಾಗಿ ಮಬ್ಬು ಇರುವಷ್ಟು ದಿನ ಪಂಪನ್ನು 24 ಗಂಟೆಯೂ ಓಡಿಸಿ. ಕರೆಂಟ್ ಉಳಿಸಲು ಹೋಗಿ ದಿನಕ್ಕೆ ಆರು ಗಂಟೆ ಓಡಿಸಿದರೆ ಮೂರು ದಿನದ ಕೆಲಸ ಎರಡು ವಾರ ಎಳೆಯುತ್ತದೆ, ಅಷ್ಟರಲ್ಲಿ ಹೊಸ ಪಾಚಿ ಬಂದಿರುತ್ತದೆ.

ಫಿಲ್ಟರಿನ ಮೇಲಿರುವ ಒತ್ತಡದ ಮೀಟರನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ತೊಳೆದ ತಕ್ಷಣ ಅದು 12 ಪಿಎಸ್‌ಐ ತೋರಿಸಿದರೆ ಅದು ನಿಮ್ಮ ಶುದ್ಧ ಒತ್ತಡ, ಬರೆದಿಟ್ಟುಕೊಳ್ಳಿ. 25 ಶೇಕಡಾ ಏರಿ 15ಕ್ಕೆ ಬಂದಾಗ ನೀರನ್ನು ಉಲ್ಟಾ ಹರಿಸಿ ಮರಳಿನ ಕೊಳೆಯನ್ನು ಹೊರಗೆ ತೊಳೆಯುವ ಬ್ಯಾಕ್‌ವಾಶ್ ಮಾಡಿ. ಪಂಪು ಆಫ್ ಮಾಡಿಯೇ ವಾಲ್ವಿನ ಹಿಡಿ ತಿರುಗಿಸಬೇಕು, ಓಡುತ್ತಿರುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ, ಎರಡು ಮೂರು ನಿಮಿಷ, ಆಮೇಲೆ ಅರ್ಧ ನಿಮಿಷ ರಿನ್ಸ್ (ನೀರನ್ನು ಸರಿ ದಿಕ್ಕಿನಲ್ಲಿ ಹರಿಸಿ ಹೊರಗೆ ಬಿಡುವುದು). ಪಾಚಿ ಸತ್ತ ಮೊದಲ ದಿನಗಳಲ್ಲಿ ದಿನಕ್ಕೆ ಎರಡು ಸಲ ಬೇಕಾದರೂ ಬೇಕಾಗಬಹುದು. ಆದರೆ ಒತ್ತಡ ಏರದೆ ಸುಮ್ನೆ ಬ್ಯಾಕ್‌ವಾಶ್ ಮಾಡಬೇಡಿ. ಮರಳಿನ ನಡುವೆ ಸ್ವಲ್ಪ ಕೊಳೆ ಕೂತಾಗಲೇ ಸಂದಿಗಳು ಕಿರಿದಾಗಿ ಸಣ್ಣ ಕಣಗಳು ಸಿಕ್ಕಿಬೀಳುವುದು. ತೀರಾ ಸ್ವಚ್ಛ ಮರಳು ಒಳ್ಳೆಯ ಜರಡಿ ಅಲ್ಲ.

ಒತ್ತಡ ದಿನಗಟ್ಟಲೆ ಏರುವುದೇ ಇಲ್ಲ, ನೀರೂ ತಿಳಿಯಾಗುತ್ತಿಲ್ಲ ಅಂದರೆ ನೀರು ಮರಳನ್ನು ಮುಟ್ಟದೆ ಹಾದುಹೋಗುತ್ತಿದೆಯಾ ನೋಡಬೇಕು. ಮರಳು ಎಣ್ಣೆ ಹಿಡಿದು ಗಟ್ಟಿಯಾಗಿ ಒಂದು ಕಡೆ ಬಿಲ ಬಿದ್ದಿರಬಹುದು, ಅಥವಾ ವಾಲ್ವಿನ ಒಳಗಿನ ಗ್ಯಾಸ್ಕೆಟ್ ಸವೆದು ಕೊಳಕು ನೀರು ನೇರ ಕೊಳಕ್ಕೆ ವಾಪಸ್ ಬರುತ್ತಿರಬಹುದು. ಕೊಳಕ್ಕೆ ನೀರು ಒಳಬರುವ ಬಾಯಿಯ ಕೆಳಗೆ ಮರಳಿನ ಸಣ್ಣ ಗುಡ್ಡೆ ಕಂಡರೆ ಫಿಲ್ಟರಿನ ತಳದ ಕೊಳವೆ ಮುರಿದಿದೆ. ಕ್ಲೋರಿನ್ ಎಷ್ಟೇ ಸರಿಯಿದ್ದರೂ ಇವುಗಳನ್ನು ಸರಿಪಡಿಸದೆ ನೀರು ತಿಳಿಯಾಗುವುದಿಲ್ಲ. ನೀರು ಒಳಬರುವ ಬಾಯಿಗಳ ದಿಕ್ಕನ್ನೂ ನೋಡಿ, ಇಡೀ ಕೊಳದಲ್ಲಿ ನೀರು ನಿಧಾನವಾಗಿ ಸುತ್ತುವ ಹಾಗೆ ತಿರುಗಿಸಿಡಿ.

ಇಷ್ಟೆಲ್ಲಾ ಆದ ಮೇಲೆ ಬರುತ್ತದೆ ಕ್ಲಾರಿಫೈಯರ್, ಅಂದರೆ ನೀರು ತಿಳಿ ಮಾಡುವ ದ್ರಾವಣದ ಮಾತು. ಧನ ಆವೇಶ ಇರುವ ಅದರ ಉದ್ದನೆಯ ಅಣುಗಳು ಋಣ ಆವೇಶದ ಕಣಗಳನ್ನು ಒಟ್ಟಿಗೆ ಹಿಡಿದು ಗಂಟು ಕಟ್ಟುತ್ತವೆ, ಗಂಟು ಫಿಲ್ಟರಿಗೆ ಸಿಗುವಷ್ಟು ದಪ್ಪ ಆಗುತ್ತದೆ. ನೀರನ್ನು ತಿಳಿ ಮಾಡಲು ಪಟಿಕ ಬಳಸುವ ಹಳೆಯ ಉಪಾಯದ ಹಿಂದೆ ಇರುವುದೂ ಇದೇ ತತ್ವ. ಕಣಗಳು ಇನ್ನೂ ಹುಟ್ಟುತ್ತಿರುವಾಗ ಇದನ್ನು ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಪಾಚಿ ಸತ್ತು, ಕ್ಲೋರಿನ್ ಇಳಿಯದೆ ಉಳಿದು, ಕೊನೆಯ ತೆಳು ಮಬ್ಬು ಮಾತ್ರ ಉಳಿದಾಗ ಇದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಜಾಸ್ತಿ ಹಾಕಬೇಡಿ. ಅತಿಯಾದರೆ ಕಣಗಳೆಲ್ಲಾ ಧನ ಆವೇಶ ಪಡೆದು ಮತ್ತೆ ಒಂದನ್ನೊಂದು ತಳ್ಳತೊಡಗುತ್ತವೆ, ಮಬ್ಬು ಮರಳಿ ಬರುತ್ತದೆ.

ಫ್ಲಾಕ್ ಅನ್ನುವುದು ಇದರ ದೊಡ್ಡಣ್ಣ. ಅದು ಕಣಗಳನ್ನು ಫಿಲ್ಟರಿಗೆ ಕಳಿಸುವುದಿಲ್ಲ, ದಪ್ಪ ಗಸಿಯಾಗಿ ತಳಕ್ಕೆ ಇಳಿಸುತ್ತದೆ. ಹಾಕಿ ಬೆರೆಸಿ, ಪಂಪು ನಿಲ್ಲಿಸಿ, ಒಂದು ರಾತ್ರಿ ಯಾರೂ ನೀರಿಗೆ ಇಳಿಯದ ಹಾಗೆ ಬಿಟ್ಟು, ಬೆಳಿಗ್ಗೆ ಆ ಗಸಿಯನ್ನು ವ್ಯಾಕ್ಯೂಮ್ ಮಾಡಿ ವೇಸ್ಟ್ ದಾರಿಯಿಂದ ಹೊರಗೆ ಬಿಡಬೇಕು. ಫಿಲ್ಟರ್ ಮೂಲಕ ಬಿಟ್ಟರೆ ಮರಳು ಕಟ್ಟಿಕೊಳ್ಳುತ್ತದೆ. ತುಂಬಾ ನೀರು ಹೋಗುವುದರಿಂದ ಮೊದಲೇ ಕೊಳವನ್ನು ಸ್ವಲ್ಪ ಮೇಲೆ ತುಂಬಿಸಿಟ್ಟುಕೊಳ್ಳಿ. ವ್ಯಾಕ್ಯೂಮ್ ಬ್ರಶ್ಶನ್ನು ಬಸವನಹುಳದ ವೇಗದಲ್ಲಿ ಎಳೆಯಬೇಕು, ಅವಸರ ಮಾಡಿದರೆ ಗಸಿ ಎದ್ದು ಮತ್ತೆ ಕದಡುತ್ತದೆ. ವಾಲ್ವಿನಲ್ಲಿ ವೇಸ್ಟ್ ದಾರಿ ಇಲ್ಲದವರು ಮತ್ತು ಕಾರ್ಟ್ರಿಜ್ ಫಿಲ್ಟರ್ ಇರುವವರು ಫ್ಲಾಕ್ ಸುದ್ದಿಗೆ ಹೋಗದಿರುವುದೇ ಒಳ್ಳೆಯದು. ಪಾಚಿ ಔಷಧಿ, ಫಾಸ್ಫೇಟ್ ತೆಗೆಯುವ ದ್ರಾವಣ ಇವುಗಳಿಗೆ ನಾನು ಈ ಸಂದರ್ಭದಲ್ಲಿ ದುಡ್ಡು ಹಾಕುವುದಿಲ್ಲ. ಕ್ಲೋರಿನ್ ಸರಿಯಿದ್ದರೆ ಪಾಚಿಗೆ ಎಷ್ಟು ಫಾಸ್ಫೇಟ್ ಸಿಕ್ಕರೂ ಬೆಳೆಯಲು ಆಗುವುದಿಲ್ಲ.

ಮುಗಿಯಿತು ಅಂತ ಗೊತ್ತಾಗುವುದು ಹೇಗೆ

ಕಣ್ಣಿಗೆ ತಿಳಿಯಾಗಿ ಕಂಡ ಕೂಡಲೇ ಶಾಕ್ ನಿಲ್ಲಿಸಿದರೆ ಹೆಚ್ಚಿನ ಸಲ ಒಂದು ವಾರದಲ್ಲಿ ಮಬ್ಬು ವಾಪಸ್ ಬರುತ್ತದೆ. ಅದಕ್ಕೆ ಒಂದು ರಾತ್ರಿ ಪರೀಕ್ಷೆ ಇದೆ. ಸೂರ್ಯ ಮುಳುಗಿದ ಮೇಲೆ ಫ್ರೀ ಕ್ಲೋರಿನ್ ಅಳೆಯಿರಿ, ಬೆಳಿಗ್ಗೆ ಬಿಸಿಲು ನೀರಿಗೆ ಬೀಳುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ, ಹಾಗಾಗಿ ಕ್ಲೋರಿನ್ ಇಳಿದಿದ್ದರೆ ಅದನ್ನು ತಿಂದದ್ದು ನೀರಿನಲ್ಲಿ ಇನ್ನೂ ಉಳಿದಿರುವ ಪಾಚಿ ಅಥವಾ ಕೊಳೆ. ಇಳಿಕೆ 1 ಪಿಪಿಎಂ ಒಳಗಿದ್ದು, ಕ್ಲೋರಮೀನ್ 0.5 ಒಳಗಿದ್ದು, ನೀರೂ ತಿಳಿಯಾಗಿದ್ದರೆ ಕೆಲಸ ಆಯಿತು. ಮೂರರಲ್ಲಿ ಒಂದು ಇಲ್ಲದಿದ್ದರೂ ಇನ್ನೊಂದು ದಿನ ಮುಂದುವರಿಸಿ.

ಅಲ್ಲಿಯವರೆಗೆ ಯಾರನ್ನೂ ನೀರಿಗೆ ಇಳಿಸಬೇಡಿ. ಇದು ಬರೀ ರೋಗಾಣುಗಳ ಮಾತಲ್ಲ, ಅವು ಕಣಗಳ ಮರೆಯಲ್ಲಿ ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ ಅನ್ನುವುದು ನಿಜವಾದರೂ. ದೊಡ್ಡ ಅಪಾಯ ಬೇರೆ. ಮಬ್ಬಾದ ನೀರಿನಲ್ಲಿ ಒಂದು ಮಗು ಮುಳುಗಿದರೆ ದಡದಲ್ಲಿ ನಿಂತವರಿಗೆ ಕಾಣುವುದೇ ಇಲ್ಲ, ಪಕ್ಕದಲ್ಲೇ ಈಜುತ್ತಿರುವವರಿಗೂ ಗೊತ್ತಾಗುವುದಿಲ್ಲ. ಕೊಳದ ಅತಿ ಆಳದ ತುದಿಯಲ್ಲಿ ತಳದ ಜಾಲರಿ ಇರುತ್ತದಲ್ಲ, ದಡದಲ್ಲಿ ನಿಂತು ಅದರ ಅಂಚು ಸ್ಪಷ್ಟವಾಗಿ ಕಂಡರೆ ಮಾತ್ರ ಕೊಳ ತೆರೆಯಿರಿ. ಅದೂ ಕ್ಲೋರಿನ್ ಮಾಮೂಲಿ ಮಟ್ಟಕ್ಕೆ ಇಳಿದು, ಪಿಎಚ್ ಅನ್ನು ಮತ್ತೊಮ್ಮೆ ಅಳೆದ ಮೇಲೆ.